ತುಕ್ಕು ಕಮ್ಮಿ, ಧೂಳು ಜಾಸ್ತಿ: ಪುಟ್ಟ ಟಿ-34ಕ್ಕೆ ಬಣ್ಣ ಹಚ್ಚುವಾಗ

ಬಿಡಿಭಾಗ ಅಂಟಿಸಿ ಕಟ್ಟಿದ ಮಾಡೆಲ್ ಟ್ಯಾಂಕ್ ತಂದು ತೋರಿಸುವವರಲ್ಲಿ ಹೆಚ್ಚಿನವರದು ಒಂದೇ ಕತೆ. ಅಂಟಿಸಿದ್ದು ಅಚ್ಚುಕಟ್ಟಾಗಿರುತ್ತದೆ. ಏರ್‌ಬ್ರಷ್‌ನಲ್ಲಿ ಹೊಡೆದ ಹಸಿರೂ ಚೆನ್ನಾಗಿ ಕೂತಿರುತ್ತದೆ. ಆಮೇಲೆ ತುಕ್ಕು ಶುರು. ಅಂಚಿಗೆಲ್ಲ ಕಿತ್ತಳೆ, ಟರೆಟ್‌ನಿಂದ (ಫಿರಂಗಿ ಕೂರುವ ಗೋಪುರ) ಇಳಿಯುವ ಕಂದು ಗೆರೆಗಳು, ಚಕ್ರಗಳನ್ನು ಸುತ್ತುವರಿದ ಟ್ರ್ಯಾಕ್ ಸರಪಳಿ ಅಂತೂ ಗುಜರಿ ಅಂಗಡಿಯ ಸಾಮಾನು. ರಣರಂಗದಲ್ಲಿ ಓಡಾಡುವ ಟ್ಯಾಂಕ್ ಆಗಬೇಕಿದ್ದದ್ದು ಎಲ್ಲೋ ಬಿಟ್ಟುಹೋದ ಟ್ಯಾಂಕ್ ಆಗಿರುತ್ತದೆ.

ಇದಕ್ಕೆ ಕಾರಣ ನಾವು ನೋಡುವ ಟ್ಯಾಂಕುಗಳೇ. ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ಟ್ಯಾಂಕ್ ಮ್ಯೂಸಿಯಂನಂಥ ಜಾಗದಲ್ಲಿ ಅವು ಬಯಲಲ್ಲಿ ವರ್ಷಗಟ್ಟಲೆ ನಿಂತಿರುತ್ತವೆ. ಇನ್ನು ಹಳೆಯ ಯುದ್ಧದ ಫೋಟೋಗಳಲ್ಲಿ ಹತ್ತಿರದಿಂದ ಕಾಣುವವುಗಳಲ್ಲಿ ಎಷ್ಟೋ ಸುಟ್ಟುಹೋದವು. ಬೆಂಕಿಗೆ ಬಣ್ಣ ಉದುರಿ ಬರಿ ಉಕ್ಕು ಗಾಳಿಗೆ ಬಿದ್ದರೆ ಕೆಲವೇ ದಿನಕ್ಕೆ ಕೆಂಪಗಾಗುತ್ತದೆ. ಓಡುತ್ತಿರುವ ಟ್ಯಾಂಕಿಗೆ ಮೈತುಂಬ ತುಕ್ಕು ಹಿಡಿಯಲು ಪುರುಸೊತ್ತು ಎಲ್ಲಿ? ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆಯ ಎಷ್ಟೋ ಟಿ-34 ಟ್ಯಾಂಕುಗಳು ಅಷ್ಟು ಕಾಲ ಬಾಳಲೇ ಇಲ್ಲ.

ಹಾಗಾಗಿ ಕಲಿಯಲು ಬರುವವರಿಗೆ ನಾನು ಮೊದಲು ಬ್ರಷ್ ಕೊಡುವುದಿಲ್ಲ, ಒಂದು ಪ್ರಶ್ನೆ ಕೊಡುತ್ತೇನೆ. ನಿಮ್ಮ ಟ್ಯಾಂಕ್ ಯಾವ ತಿಂಗಳು, ಯಾವ ದಾರಿಯಲ್ಲಿ ಬಂತು? ಅದರ ಮೈಮೇಲೆ ಯಾವುದು ಮೊದಲು ಆಯಿತು, ಯಾವುದು ಆಮೇಲೆ? ಆ ಕ್ರಮವೇ ಬಣ್ಣ ಹಚ್ಚುವ ಕ್ರಮ.

ಉದಾಹರಣೆಗೆ 1943ರ ಜುಲೈ, ರಷ್ಯಾದಲ್ಲಿ ಜರ್ಮನ್ನರ ವಿರುದ್ಧ ನಡೆದ ಕುರ್ಸ್ಕ್ ಕದನ. ಸೋವಿಯತ್ ಸೇನೆಯ 5ನೇ ಗಾರ್ಡ್ಸ್ ಟ್ಯಾಂಕ್ ಆರ್ಮಿ ಮೀಸಲು ಪಡೆಯಲ್ಲಿತ್ತು. ಅದನ್ನು ಪ್ರೊಖೊರೊವ್ಕಾ ಊರಿನ ಕಡೆಗೆ ಕರೆಸಿದಾಗ ಟ್ಯಾಂಕುಗಳು 300 ಕಿ.ಮೀ.ಗೂ ಹೆಚ್ಚು ದೂರವನ್ನು ತಮ್ಮದೇ ಟ್ರ್ಯಾಕ್ ಮೇಲೆ ಓಡಿ ಬಂದವು. ಜುಲೈ 12ರಂದು ಕಾಳಗಕ್ಕೆ ಇಳಿದವು. ಬೇಸಿಗೆ, ಮಣ್ಣಿನ ರಸ್ತೆ, ಮುಂದಿನ ಟ್ಯಾಂಕಿನ ಧೂಳು ಹಿಂದಿನದರ ಮೇಲೆ. ಈ ಟ್ಯಾಂಕಿನ ಮುಖ್ಯ ಬಣ್ಣ ಯಾವುದು ಹೇಳಿ? ಹಸಿರಲ್ಲ, ಧೂಳು.

ಆದರೂ ಹಸಿರಿನಿಂದಲೇ ಶುರು ಮಾಡಬೇಕು. ಸೋವಿಯತ್ ಟ್ಯಾಂಕುಗಳಿಗೆ ಬಳಿಯುತ್ತಿದ್ದ ಹಸಿರಿಗೆ 4ಬಿಒ ಅಂತ ಹೆಸರು. ಇದರ 'ಸರಿಯಾದ' ಛಾಯೆ ಯಾವುದು ಅಂತ ಜಗಳ ಆಡುವವರು ಆಡಲಿ. ಬಿಸಿಲಿಗೆ ಮಾಸಿದ ಮೇಲೆ, ಧೂಳಿನಡಿ ಸೇರಿದ ಮೇಲೆ ಆ ವ್ಯತ್ಯಾಸ ಉಳಿಯುವುದಿಲ್ಲ. ನಾನು ಬೂದು ಪ್ರೈಮರ್ ಹೊಡೆದು, ಅದರ ಮೇಲೆ ಅಕ್ರಿಲಿಕ್ ಹಸಿರನ್ನು ತೆಳ್ಳಗೆ ಎರಡು ಮೂರು ಸಲ ಹೊಡೆಯುತ್ತೇನೆ. ಮೇಲ್ಮುಖದ ತಗಡಿಗೆ ಅದೇ ಹಸಿರಿಗೆ ಒಂಚೂರು ಹಳದಿ ಬೆರೆಸಿ ತಿಳಿಯಾಗಿಸುತ್ತೇನೆ. ನಂಬರಿನ ಡೆಕಾಲ್ (ಅಂಟಿಸುವ ತೆಳು ಚಿತ್ರ) ಕೂರುವ ಜಾಗಕ್ಕೆ ಮೊದಲು ಹೊಳಪಿನ ವಾರ್ನಿಶ್ ಬೇಕು. ಇಲ್ಲದಿದ್ದರೆ ಅಂಚಿನಲ್ಲಿ ಬಿಳಿ ಪೊರೆ ಎದ್ದು ಕಾಣುತ್ತದೆ.

ಈಗ ಬಣ್ಣ ಕಿತ್ತ ಗುರುತು, ಅಂದರೆ ಚಿಪ್ಪಿಂಗ್. ಇಲ್ಲಿ ಲೆಕ್ಕ ಮರೆಯಬೇಡಿ. 1/35 ಅಳತೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನಿಜದ ಟ್ಯಾಂಕಿನಲ್ಲಿ ಮೂರೂವರೆ ಸೆಂಟಿಮೀಟರ್. ನೀವು ಸುಮ್ನೆ ಇಟ್ಟ ಎರಡು ಮಿ.ಮೀ. ಚುಕ್ಕೆ ಅಲ್ಲಿ ಅಂಗೈ ಅಗಲದ ಗಾಯ! (ಈ 35ರ ವಿಚಿತ್ರ ಅಳತೆ ಬಂದದ್ದೂ ತಮಾಷೆಯಾಗಿದೆ. 1960ರ ದಶಕದ ಆರಂಭದಲ್ಲಿ ಜಪಾನಿನ ಮಾಡೆಲ್ ಕಂಪನಿ ತಮಿಯಾ ಮೋಟಾರ್ ಇರುವ ಜರ್ಮನ್ ಪ್ಯಾಂಥರ್ ಟ್ಯಾಂಕಿನ ಮಾಡೆಲ್ ಮಾಡಿದಾಗ ಒಳಗೆ ಬ್ಯಾಟರಿ ಹಿಡಿಸಬೇಕಿತ್ತು. ಅದಕ್ಕೆ ಹೊಂದಿದ ಅಳತೆಯೇ ಮುಂದೆ ರೂಢಿಯಾಯಿತು.)

ಗುರುತು ಎಲ್ಲಿ ಬೀಳಬೇಕು? ಜನ ಕೈ ಇಡುವ, ಕಾಲಿಡುವ ಜಾಗದಲ್ಲಿ. ಟಿ-34ರಲ್ಲಿ ಚಾಲಕನ ಹ್ಯಾಚ್ (ಮುಚ್ಚಳದಂಥ ಬಾಗಿಲು) ಮುಂದಿನ ಓರೆ ತಗಡಿನಲ್ಲೇ ಇದೆ. ಅಲ್ಲಿಂದಲೇ ಅವನು ನುಗ್ಗಬೇಕು, ಏಳಬೇಕು. ಅದರ ಕೆಳ ಅಂಚು ಸವೆಯುತ್ತದೆ. ಕಾಲಾಳುಗಳು ಎಂಜಿನ್ ಮೇಲೆ ಕೂತು ಹೋಗುತ್ತಿದ್ದರು. ಹಾಗಾಗಿ ಹಿಡಿಕಂಬಿಗಳು, ಹಿಂಭಾಗದ ತಗಡಿನ ಅಂಚು ಬೂಟಿಗೆ ಉಜ್ಜಿಹೋಗಿರುತ್ತವೆ. ಟರೆಟ್ ಪಕ್ಕದ ನಟ್ಟನಡುವೆ ಯಾರೂ ಕಾಲಿಡುವುದಿಲ್ಲ, ಅಲ್ವಾ? ಅಲ್ಲಿ ಚುಕ್ಕೆ ಬೇಡ.

ನಾನು ಹರಿದ ಸ್ಪಾಂಜಿನ ಚೂರನ್ನು ಇಕ್ಕಳದಲ್ಲಿ ಹಿಡಿದು, ಬಣ್ಣಕ್ಕೆ ಅದ್ದಿ, ಮುಕ್ಕಾಲು ಪಾಲನ್ನು ಕಾಗದಕ್ಕೆ ಒತ್ತಿ ತೆಗೆದು, ಉಳಿದದ್ದನ್ನು ಅಂಚಿಗೆ ಮುಟ್ಟಿಸುತ್ತೇನೆ. ಬಣ್ಣ ಬೆಳ್ಳಿಯಲ್ಲ, ಕಪ್ಪು ಬೆರೆತ ಕಂದು. ಬೆಳ್ಳಿ ಹೊಳಪು ಲೋಹಕ್ಕೆ ಲೋಹ ದಿನವಿಡೀ ತಿಕ್ಕುವಲ್ಲಿ ಮಾತ್ರ.

ಅಂಥ ಜಾಗ ಟಿ-34ರಲ್ಲಿ ಬಹಳ ಸೊಗಸಾಗಿದೆ. ಇದರ ಟ್ರ್ಯಾಕ್ ಕೊಂಡಿಗಳನ್ನು ಹಿಡಿದಿರುವ ಪಿನ್‌ಗಳಿಗೆ ಒಳಬದಿಯಲ್ಲಿ ಬಿಗಿ ಇಲ್ಲ. ಓಡುತ್ತಾ ಓಡುತ್ತಾ ಅವು ಒಳಕ್ಕೆ ಜಾರುತ್ತವೆ. ಅದಕ್ಕೆ ಟ್ರ್ಯಾಕನ್ನು ಎಳೆಯುವ ಹಿಂಬದಿಯ ಚಕ್ರದ ಹತ್ತಿರ ಟ್ಯಾಂಕಿನ ಮೈಗೆ ಒಂದು ಪಟ್ಟಿ ಬೆಸೆದಿದ್ದಾರೆ. ಜಾರಿದ ಪಿನ್ನಿನ ತಲೆ ಅದಕ್ಕೆ ಬಡಿದು ಪಿನ್ ಮತ್ತೆ ತನ್ನ ಜಾಗ ಸೇರುತ್ತದೆ. 300 ಕಿ.ಮೀ. ಓಡಿದ ಮೇಲೆ ಆ ಪಟ್ಟಿ ಹೇಗಿರಬೇಡ! ಅಲ್ಲಿಗೆ ಮೃದು ಪೆನ್ಸಿಲಿನ ಸೀಸದ ಪುಡಿಯನ್ನು ಬೆರಳಲ್ಲಿ ತಿಕ್ಕಿ. ಟ್ರ್ಯಾಕ್ ನೆಲಕ್ಕೆ ತಾಗುವ ಏಣುಗಳಿಗೂ ಅಷ್ಟೇ. ಚಕ್ರ ನೋಡಿಕೊಳ್ಳಿ. ರಬ್ಬರ್ ಕೊರತೆಯಿಂದ ಕೆಲವು ಟಿ-34ಗಳಿಗೆ ಉಕ್ಕಿನ ಅಂಚಿನ ಚಕ್ರ ಹಾಕಿದರು. ಆ ಅಂಚು ಫಳಫಳ ಹೊಳೆಯಬೇಕು. ರಬ್ಬರ್ ಇದ್ದರೆ ಮಂಕು ಬೂದು, ಹೊಳಪಿನ ಮಾತೇ ಇಲ್ಲ.

ಬೆಸುಗೆ, ಬೋಲ್ಟ್‌ಗಳ ಸುತ್ತ ಗಾಢ ಕಂದು ವಾಶ್ (ಥಿನ್ನರ್ ಬೆರೆಸಿ ನೀರಾಗಿಸಿದ ಬಣ್ಣ) ಕೊಡುವಾಗ ಒಂದೇ ಎಚ್ಚರ: ಕೆಳಗೆ ಅಕ್ರಿಲಿಕ್ ಇದ್ದರೆ ಮೇಲೆ ಎನಾಮೆಲ್ ಅಥವಾ ಆಯಿಲ್ ಬಣ್ಣ. ಆಗ ಥಿನ್ನರ್ ಕೆಳಗಿನ ಹಸಿರನ್ನು ಕೆಡಿಸುವುದಿಲ್ಲ. ಕಲಾವಿದರ ಆಯಿಲ್ ಟ್ಯೂಬ್ ಸಾಕು. ರಟ್ಟಿನ ಮೇಲೆ ಹಿಂಡಿ ಅರ್ಧ ಗಂಟೆ ಬಿಟ್ಟರೆ ಎಣ್ಣೆಯನ್ನು ರಟ್ಟು ಹೀರುತ್ತದೆ, ಹಚ್ಚಿದ ಮೇಲೆ ಮಂಕಾಗಿ ಒಣಗುತ್ತದೆ.

ಇಷ್ಟಾದ ಮೇಲೆ ಮ್ಯಾಟ್ ವಾರ್ನಿಶ್ ಹೊಡೆದು ಧೂಳಿಗೆ ಬನ್ನಿ. ಬೆಂಗಳೂರಿನ ಮಳೆಗಾಲದವರಿಗೆ ಒಂದು ಮಾತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಈ ವಾರ್ನಿಶ್ ಹೊಡೆದರೆ ಬಿಳಿ ಮಬ್ಬು ಕೂರುತ್ತದೆ. ಬಿಸಿಲು ಬರುವವರೆಗೆ ಕಾಯಿರಿ.

ನಮ್ಮವರ ಕೈ ತಾನಾಗಿ ಕೆಮ್ಮಣ್ಣಿನ ಪಿಗ್ಮೆಂಟ್ (ಒಣ ಬಣ್ಣದ ಪುಡಿ) ಡಬ್ಬಿಗೆ ಹೋಗುತ್ತದೆ. ಕುರ್ಸ್ಕ್ ಕಡೆಯದು ಕಪ್ಪು ಮಣ್ಣು. ಬೇಸಿಗೆಯಲ್ಲಿ ಉತ್ತರ ಕರ್ನಾಟಕದ ಎರೆ ಹೊಲದ ಗಾಡಿದಾರಿ ನೋಡಿದ್ದರೆ ಬಣ್ಣ ಗೊತ್ತಾಗುತ್ತದೆ: ಒದ್ದೆ ಇದ್ದಾಗ ಕಪ್ಪು, ಒಣಗಿ ಪುಡಿಯಾದರೆ ಬೂದು. ತಿಳಿ ಬೂದುಗಂದು ಪಿಗ್ಮೆಂಟಿಗೆ ಚಿಟಿಕೆ ಕಪ್ಪು ಬೆರೆಸಿ. ಒಣ ಬ್ರಷ್‌ನಲ್ಲಿ ಚಕ್ರಗಳ ಹಿಂದೆ, ಮಡ್‌ಗಾರ್ಡ್ ಮೇಲೆ, ಹಿಂಬದಿಯ ತಗಡಿಗೆ ಉದುರಿಸಿ. ಟ್ರ್ಯಾಕ್ ಎತ್ತಿ ಎಸೆಯುವ ಧೂಳು ಹಿಂಬದಿಗೆ ಹೆಚ್ಚು ಕೂರುತ್ತದೆ. ಆಮೇಲೆ ವೈಟ್ ಸ್ಪಿರಿಟ್ (ಆಯಿಲ್ ಬಣ್ಣದ ಥಿನ್ನರ್) ತುಂಬಿದ ಬ್ರಷ್‌ನ ತುದಿಯನ್ನು ಪುಡಿಯ ಅಂಚಿಗೆ ಮುಟ್ಟಿಸಿ ಬಿಡಿ. ದ್ರವ ತಾನೇ ಹರಡಿಕೊಳ್ಳುತ್ತದೆ. ನೀವು ತಿಕ್ಕಿದರೆ ಕೆಸರಾಗುತ್ತದೆ. ಒದ್ದೆಯಾದಾಗ ಕಪ್ಪಗೆ ಕಂಡು ಗಾಬರಿಯಾಗುತ್ತದೆ. ಪೂರ್ತಿ ಒಣಗುವವರೆಗೆ ಇನ್ನೊಂದು ಪದರ ಹಾಕಬೇಡಿ.

ಧೂಳು ಕೂತ ಮೇಲೆ ಆದದ್ದು ಇನ್ನೂ ಇದೆ. ಜನ ಹತ್ತಿ ಇಳಿದಲ್ಲಿ ಧೂಳು ಒರೆಸಿಹೋಗಿ ಕೆಳಗಿನ ಹಸಿರು ಕಾಣಬೇಕು. ಅದಕ್ಕೆ ವೈಟ್ ಸ್ಪಿರಿಟ್ ಸೋಂಕಿಸಿದ ಹತ್ತಿಕಡ್ಡಿ ಸಾಕು. ಹಿಂದಿನ ಎರಡು ಹೊಗೆ ಕೊಳವೆಗಳ ಬಾಯಿಗೆ ಮಸಿ. ತುಕ್ಕು ಹಚ್ಚಲೇಬೇಕು ಅನ್ನುವವರು ಈ ಕೊಳವೆಗಳಿಗೆ ಹಚ್ಚಿ ಆಸೆ ತೀರಿಸಿಕೊಳ್ಳಬಹುದು. ಬಿಸಿಗೆ ಬಣ್ಣ ಸುಟ್ಟು ಅವಕ್ಕೆ ನಿಜಕ್ಕೂ ತುಕ್ಕು ಹಿಡಿಯುತ್ತದೆ.

ಕೊನೆಯದು ಡೀಸೆಲ್ ಕಲೆ. ಪಕ್ಕದಲ್ಲಿರುವ ಉರುಳೆಯಂಥ ಹೆಚ್ಚುವರಿ ಟ್ಯಾಂಕಿಗಳಿಂದ ಎಂಜಿನ್‌ಗೆ ನೇರ ಕೊಳವೆ ಇರಲಿಲ್ಲ. ಸಿಬ್ಬಂದಿ ಕೈಯಾರೆ ಇಂಧನ ವರ್ಗಾಯಿಸಬೇಕಿತ್ತು. ಚೆಲ್ಲದೆ ಇರುತ್ತದೆಯೇ? ಕಂದು ಆಯಿಲ್ ಬಣ್ಣಕ್ಕೆ ಹೊಳಪಿನ ವಾರ್ನಿಶ್ ಬೆರೆಸಿ, ಮುಚ್ಚಳದ ಸುತ್ತ ಒಂದು ಹನಿ ಇಟ್ಟು, ಧೂಳಿನ ಮೇಲೆ ಕೆಳಕ್ಕೆ ತೆಳ್ಳಗೆ ಎಳೆಯಿರಿ. ಇದರ ಮೇಲೆ ಮತ್ತೆ ಮ್ಯಾಟ್ ವಾರ್ನಿಶ್ ಹೊಡೆಯಬೇಡಿ, ಒದ್ದೆಯ ಹೊಳಪೆಲ್ಲ ಸತ್ತುಹೋಗುತ್ತದೆ. ಪಿಗ್ಮೆಂಟ್ ಕೈಗೆ ಬರುತ್ತಲ್ಲ ಅಂತ ಕೇಳುತ್ತೀರಿ. ಬರುತ್ತದೆ. ಅದಕ್ಕೇ ಶುರುವಿನಲ್ಲೇ ಮಾಡೆಲ್‌ನ ತಳಕ್ಕೆ ಮರದ ತುಂಡೊಂದನ್ನು ಸ್ಕ್ರೂ ಮಾಡಿ, ಕೆಲಸ ಮುಗಿಯುವವರೆಗೂ ಅದನ್ನೇ ಹಿಡಿದುಕೊಳ್ಳಿ.