ಪದ ಪರಿಚಯ: ರುಜು

ಸಹಿ ಎಂಬ ಅರ್ಥದಲ್ಲಿ ನಾವು ದಿನವೂ ಬಳಸುವ ‘ರುಜು’ ಅರಬ್ಬಿಯಿಂದ ಹೊರಟು, ಕಚೇರಿಯ ಕಾಗದಪತ್ರಗಳ ದಾರಿಯಲ್ಲಿ ಕನ್ನಡಕ್ಕೆ ಬಂದ ಪದ. ಮರಾಠಿಯಲ್ಲಿ ಕೆಲಸಕ್ಕೆ ‘ರುಜು’ ಆಗುವುದೆಂದರೆ ಹಾಜರಾಗುವುದು. ಕನ್ನಡದಲ್ಲಿ ರುಜು ಹಾಕುವುದೆಂದರೆ ಸಹಿ ಮಾಡುವುದು, ರುಜುವಾಗುವುದೆಂದರೆ ಸಾಬೀತಾಗುವುದು, ರುಜುವಾತು ಎಂದರೆ ಪುರಾವೆ. ‘ನೇರವಾದ’, ‘ಪ್ರಾಮಾಣಿಕವಾದ’ ಎಂಬ ಅರ್ಥದ ಸಂಸ್ಕೃತದ ‘ಋಜು’ವಿಗೂ ಇದಕ್ಕೂ ಹುಟ್ಟಿನ ನಂಟಿಲ್ಲ, ಉಚ್ಚಾರಣೆ ಮಾತ್ರ ಒಂದೇ. ಆದರೆ ಕಂತಿನ ಮೇಲೆ ಸಾಮಾನು ಕೊಳ್ಳುವ ಕರಾರಿನಲ್ಲಿ ಈ ಎರಡೂ ಪದಗಳು ಅಕ್ಕಪಕ್ಕದಲ್ಲಿ ನಿಲ್ಲಬೇಕಾಗುತ್ತದೆ: ಕೊಳ್ಳುವವರ ರುಜು, ಮಾರುವವರ ಋಜುತ್ವ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಹೊಲಿಗೆ ಕೆಲಸ ಮಾಡುವ, ನನಗೆ ಪರಿಚಯದ ಹೆಣ್ಣುಮಗಳೊಬ್ಬರು 30,000 ರೂಪಾಯಿಯ ಫ್ರಿಜ್ಜನ್ನು ಹನ್ನೆರಡು ಕಂತಿನಲ್ಲಿ ಕೊಂಡರು. ಅಂಗಡಿಯ ಒಂದು ಮೂಲೆಯಲ್ಲಿ ಸಾಲದ ಕಂಪನಿಯ ಮೇಜು. ಅಲ್ಲಿ ಕುಳಿತಿದ್ದ ಹುಡುಗ ತನ್ನ ವಿಸಿಟಿಂಗ್ ಕಾರ್ಡಿನ ಹಿಂಬದಿಗೆ ‘ನೂರಕ್ಕೆ 1, ತಿಂಗಳಿಗೆ 2,800’ ಎಂದು ಬರೆದು, “ಬಡ್ಡಿ ಭಾಳ ಕಡಿಮಿ ಐತ್ರಿ ಅಕ್ಕಾರೆ, ಇಲ್ಲೊಂದು, ಇಲ್ಲೊಂದು ರುಜು ಹಾಕ್ರಿ” ಎಂದು ಹಾಳೆ ತಿರುವುತ್ತಾ ಹೋದ. ಅವರು ಹಾಕುತ್ತಾ ಹೋದರು.

1872ರ ಭಾರತೀಯ ಕರಾರು ಕಾಯ್ದೆಯ 13ನೇ ಕಲಮು ಒಪ್ಪಿಗೆ ಎಂದರೇನು ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳುತ್ತದೆ: ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದು ಒಪ್ಪಿಗೆ. ಈ ‘ಒಂದೇ ಅರ್ಥದಲ್ಲಿ’ ಎಂಬ ಮಾತನ್ನು ಮೇಲಿನ ಪ್ರಸಂಗದ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಸೀಮೆಯಲ್ಲಿ ‘ನೂರಕ್ಕೆ ಒಂದು ರೂಪಾಯಿ’ ಎಂದರೆ ಕೈಗಡದ ಲೆಕ್ಕ. ಬಿತ್ತನೆಗೆ ತಂದ ಹಣದ ಅಸಲು ಮೆಕ್ಕೆಜೋಳ ಮಾರುವ ತನಕ ರೈತನ ಬಳಿಯೇ ಪೂರ್ತಿಯಾಗಿ ಇರುತ್ತದೆ, ಅದರ ಮೇಲೆ ತಿಂಗಳಿಗೆ ನೂರಕ್ಕೊಂದರಂತೆ ಬಡ್ಡಿ ಬೆಳೆಯುತ್ತದೆ. ಕಂತಿನ ಸಾಲದಲ್ಲಿ ಹಾಗಲ್ಲ. ಪ್ರತಿ ತಿಂಗಳ 2,800ರಲ್ಲಿ 2,500 ಅಸಲಿಗೆ ಹೋಗುತ್ತದೆ, 300 ಬಡ್ಡಿಗೆ. ಆರು ಕಂತು ಮುಗಿದಾಗ ಅರ್ಧ ಸಾಲ ತೀರಿರುತ್ತದೆ, ಆದರೂ ಏಳನೆಯ ತಿಂಗಳಲ್ಲಿ ಬಡ್ಡಿ 300ರಿಂದ ಒಂದು ರೂಪಾಯಿಯೂ ಇಳಿಯುವುದಿಲ್ಲ. ಫೈನಾನ್ಸ್‌ನವರು ಇದನ್ನು ಫ್ಲ್ಯಾಟ್ ರೇಟ್ ಎನ್ನುತ್ತಾರೆ. ಉಳಿದ ಅಸಲಿಗಷ್ಟೇ ವರ್ಷಕ್ಕೆ ಶೇ. 12ರಂತೆ ಹಾಕಿದ್ದರೆ ಒಟ್ಟು ಬಡ್ಡಿ ಸುಮಾರು 1,986 ರೂಪಾಯಿ ಆಗುತ್ತಿತ್ತು, ಅವರು ಕಟ್ಟಬೇಕಾದದ್ದು 3,600. ನಿಜವಾದ ವಾರ್ಷಿಕ ದರ ಶೇ. 21.5ರ ಆಸುಪಾಸು. ಸಂಸ್ಕರಣಾ ಶುಲ್ಕವೆಂದು 600, ವಿಮೆಯೆಂದು 400 ರೂಪಾಯಿಗಳನ್ನು ಅಂದೇ ನಗದಾಗಿ ಕಟ್ಟಿಸಿಕೊಂಡಿದ್ದರು. ಅದನ್ನೂ ಸೇರಿಸಿದರೆ ದರ ಶೇ. 28ಕ್ಕೆ ಏರುತ್ತದೆ. ಹುಡುಗ ಹೇಳಿದ ಅಂಕಿ ಸುಳ್ಳಲ್ಲ, ಆದರೆ ಕೇಳಿಸಿಕೊಂಡವರ ಮನಸ್ಸಿನಲ್ಲಿ ಅದು ಯಾವ ಅರ್ಥ ಕೊಡುತ್ತದೆ ಎಂಬುದು ದಿನವೂ ಆ ಮೇಜಿನ ಹಿಂದೆ ಕೂರುವವನಿಗೆ ತಿಳಿದಿರಲೇಬೇಕು. ತಿಳಿದೂ ಬಿಡಿಸಿ ಹೇಳದಿರುವುದನ್ನು ನಾನು ವ್ಯಾಪಾರದ ಜಾಣತನವೆಂದು ಒಪ್ಪಲಾರೆ.

ಕಾಯ್ದೆಯೂ ಇಲ್ಲಿ ಸುಮ್ಮನಿಲ್ಲ. 17ನೇ ಕಲಮು ವಂಚನೆಯನ್ನೂ 18ನೇ ಕಲಮು ತಪ್ಪು ನಿರೂಪಣೆಯನ್ನೂ ವಿವರಿಸುತ್ತವೆ, ಇವುಗಳಿಂದ ಪಡೆದ ಒಪ್ಪಿಗೆಯ ಕರಾರನ್ನು ಮೋಸಹೋದವರು ರದ್ದುಪಡಿಸಬಹುದು ಎಂದು 19ನೇ ಕಲಮು ಹೇಳುತ್ತದೆ. ‘ಅಂಗಡಿಯ ಹುಡುಗ ಏನೋ ಹೇಳಿದರೆ ಕಂಪನಿ ಹೊಣೆಯಲ್ಲ’ ಎಂಬ ಉತ್ತರಕ್ಕೆ 238ನೇ ಕಲಮಿದೆ: ಏಜೆಂಟನು ಯಜಮಾನನ ವ್ಯವಹಾರ ನಡೆಸುವಾಗ ಮಾಡಿದ ವಂಚನೆಗೂ ತಪ್ಪು ನಿರೂಪಣೆಗೂ ಯಜಮಾನನೇ ಮಾಡಿದಷ್ಟು ಪರಿಣಾಮವಿರುತ್ತದೆ.

ಆದರೆ ಅದೇ 19ನೇ ಕಲಮಿನಲ್ಲಿ ಕೊಳ್ಳುವವರು ಗಮನಿಸಲೇಬೇಕಾದ ಒಂದು ವಿನಾಯಿತಿ ಇದೆ. ಒಪ್ಪಿಗೆ ಬಂದದ್ದು ತಪ್ಪು ನಿರೂಪಣೆಯಿಂದ ಅಥವಾ ವಂಚನೆಗೆ ಸಮನಾದ ಮೌನದಿಂದ ಎಂದಾದರೂ, ಸಾಮಾನ್ಯ ಎಚ್ಚರ ವಹಿಸಿದ್ದರೆ ಸತ್ಯ ತಿಳಿಯುವ ಅವಕಾಶ ಅವರಿಗಿತ್ತು ಎಂದಾದರೆ ಕರಾರನ್ನು ರದ್ದುಪಡಿಸಲು ಬರುವುದಿಲ್ಲ. ಮುಂದಿಟ್ಟ ಹಾಳೆಯನ್ನು ಓದದೆ ರುಜು ಹಾಕಿದವರಿಗೆ ಅಡ್ಡ ಬರುವ ಸಾಲು ಇದೇ. ಓದುವ ಹೊಣೆ ಮಾರುವವನ ಹೊಣೆಯನ್ನು ಕಡಿಮೆ ಮಾಡುವುದಿಲ್ಲ, ಮಾರುವವನ ಹೊಣೆಯನ್ನು ನಂಬಿಕೊಂಡು ಓದದೆ ಇರಲೂ ಆಗುವುದಿಲ್ಲ.

ಇಪ್ಪತ್ತು ಪುಟದ ಇಂಗ್ಲಿಷ್ ಕರಾರನ್ನು ಅಂಗಡಿಯಲ್ಲಿ ನಿಂತು ಓದುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಭಾರತೀಯ ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 15ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೆ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ‘ಮುಖ್ಯ ಸಂಗತಿಗಳ ಪತ್ರ’ವನ್ನು ಕೊಡಬೇಕು. ಕೌಂಟರಿನಲ್ಲಿ ಇದಕ್ಕೆ ಕೆಎಫ್‌ಎಸ್ ಎನ್ನುತ್ತಾರೆ. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಿ ಹೇಳಿ, ತಿಳಿಯಿತು ಎಂಬ ಸ್ವೀಕೃತಿ ಪಡೆಯಬೇಕು. ಆದ್ದರಿಂದ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಹಕ್ಕಿನ ಮಾತು. ಎಲ್ಲ ಶುಲ್ಕಗಳೂ ಸೇರಿದ ವಾರ್ಷಿಕ ಶೇಕಡಾ ದರ, ಅಂದರೆ ಎಪಿಆರ್, ಅದರಲ್ಲಿ ಇರಲೇಬೇಕು. ಮೇಲಿನ ಫ್ರಿಜ್ಜಿನ ಸಾಲದಲ್ಲಿ ಅಲ್ಲಿ ಕಾಣಬೇಕಾದದ್ದು 12 ಅಲ್ಲ, 28. ಪತ್ರದಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಏಳು ದಿನ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ಸಾಲಗಳಿಗೆ ಈ ಪತ್ರ ಕನಿಷ್ಠ ಮೂರು ಕೆಲಸದ ದಿನ ಚಾಲ್ತಿಯಲ್ಲಿರಬೇಕು ಎಂಬ ಷರತ್ತನ್ನು ಜನ ಬಳಸಿಕೊಳ್ಳುವುದೇ ಇಲ್ಲ. ಪತ್ರವನ್ನು ಮನೆಗೆ ಒಯ್ದು, ಓದಿದ ಮಗಳಿಗೋ ಅಳಿಯನಿಗೋ ತೋರಿಸಿ, ನಾಳೆ ಬಂದು ರುಜು ಹಾಕಬಹುದು. ‘ಇವತ್ತೇ ಕಡೇ ದಿನ’ ಎನ್ನುವ ಆತುರ ಅಂಗಡಿಯದು.

ಈಗ ಎಷ್ಟೋ ಕಡೆ ಪೆನ್ನೇ ಬೇಕಿಲ್ಲ. “ಒಂದು ಒಟಿಪಿ ಬಂದೈತೆ, ಹೇಳ್ರಿ” ಎನ್ನುತ್ತಾರೆ, ನಾವು ಆರು ಅಂಕಿ ಓದಿ ಹೇಳುತ್ತೇವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮಿನಂತೆ, ವಿದ್ಯುನ್ಮಾನದ ಮೂಲಕ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗುವುದಿಲ್ಲ. ಬಾಯಲ್ಲಿ ಹೇಳಿದ ಆ ಆರು ಅಂಕಿಯೂ ರುಜುವೇ. ಅದು ಸಾಲಕ್ಕೋ, ವಿಮೆಗೋ, ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಮ್ಯಾಂಡೇಟಿಗೋ ಎಂಬುದನ್ನು ಸಂದೇಶದಲ್ಲೇ ಓದಿ ನೋಡಿಕೊಂಡು ಹೇಳಬೇಕು.

ತಕರಾರಿದ್ದರೆ ಮೊದಲು ಸಾಲ ಕೊಟ್ಟ ಸಂಸ್ಥೆಗೆ ಬರಹದಲ್ಲಿ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ದಾವಣಗೆರೆಯಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ, ವ್ಯಾಜ್ಯದ ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ನಿಟ್ಟುವಳ್ಳಿಯ ಆ ಹೆಣ್ಣುಮಗಳು ಕಂಪನಿಗೆ ದೂರು ಬರೆಯುವಾಗ ಬಿಲ್ಲು, ಕರಾರಿನ ಪ್ರತಿ, ಪಾಸ್‌ಬುಕ್ಕುಗಳ ಜೊತೆಗೆ ರೇಷನ್ ಕಾರ್ಡಿನ ಕವರಿನಿಂದ ಇನ್ನೊಂದು ಚೂರನ್ನೂ ತೆಗೆದು ಕೊಟ್ಟರು. ಅದೇ ವಿಸಿಟಿಂಗ್ ಕಾರ್ಡು, ಹಿಂಬದಿಯಲ್ಲಿ ಹುಡುಗನ ಕೈಬರಹ: ‘ನೂರಕ್ಕೆ 1’. ಕರಾರಿನ ಹಾಳೆಗಳ ಮೇಲೆ ಇದ್ದದ್ದೆಲ್ಲ ಅವರ ರುಜು, ಈ ಚೂರಿನ ಮೇಲಿದ್ದದ್ದು ರುಜುವಾತು.