ಹಾಡು ಮರೆತಿದೆ, ಧಾಟಿ ಮರೆತಿಲ್ಲ

ಎಂದೋ ಕೇಳಿದ ಹಾಡು. ಹಾಡಿದವರು ಯಾರೋ ಗೊತ್ತಿಲ್ಲ. ಪಲ್ಲವಿಯ ಒಂದು ಪದವೂ ನೆನಪಿಲ್ಲ. ಧಾಟಿ ಮಾತ್ರ ತಲೆಯಲ್ಲಿ ಸುತ್ತುತ್ತಲೇ ಇದೆ. ಅಂಥ ಹಾಡು ಎಷ್ಟೋ ವರ್ಷಗಳ ಮೇಲೆ ತಟ್ಟನೆ ಕಿವಿಗೆ ಬಿದ್ದಾಗ ಸಾಮಾನ್ಯವಾಗಿ ಬರುವ ಮಾತು ಒಂದೇ: "ಮೆದುಳು ಏನನ್ನೂ ಬಿಡಲ್ಲ, ಟೇಪ್ ರೆಕಾರ್ಡರ್ ಥರ ಎಲ್ಲಾ ಹಿಡಿದಿಟ್ಟಿರುತ್ತೆ." ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ.

ಈ ನಂಬಿಕೆಗೆ ಬಲ ಬಂದದ್ದು ಒಬ್ಬ ದೊಡ್ಡ ವೈದ್ಯರಿಂದಲೇ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಮೂರ್ಛೆ ರೋಗಿಗಳ ಮೆದುಳಿನ ಆಪರೇಷನ್ ಮಾಡುತ್ತಿದ್ದರು. ರೋಗಿಗಳು ಎಚ್ಚರವಾಗಿಯೇ ಇರುತ್ತಿದ್ದರು. ಕಿವಿಯ ಮೇಲ್ಭಾಗಕ್ಕೆ ಹೊಂದಿಕೊಂಡ ಮೆದುಳಿನ ಭಾಗಕ್ಕೆ ಸಣ್ಣಗೆ ಕರೆಂಟ್ ಮುಟ್ಟಿಸಿದರೆ ಕೆಲವರು ಹಾಡು ಕೇಳಿಸುತ್ತಿದೆ ಅನ್ನುತ್ತಿದ್ದರು. ನೆನಪಿನ ಟೇಪೇ ಸಿಕ್ಕಿತು ಎಂದು ಜಗತ್ತು ಕುಣಿಯಿತು. ಆದರೆ 1963ರಲ್ಲಿ ಪೆನ್‌ಫೀಲ್ಡ್ ಅವರೇ ಕೊಟ್ಟ ಲೆಕ್ಕ ನೋಡಿ. ಆ ಭಾಗಕ್ಕೆ ಕರೆಂಟ್ ಮುಟ್ಟಿಸಿದ 520 ರೋಗಿಗಳಲ್ಲಿ ಇಂಥ ಅನುಭವ ಆದದ್ದು 40 ಮಂದಿಗೆ. ಅವರಿಗೆ ಕೇಳಿಸಿದ್ದು ಹಿಂದೆ ಕೇಳಿದ್ದರ ಪಡಿಯಚ್ಚೋ, ಆ ಗಳಿಗೆಯಲ್ಲಿ ಮೆದುಳು ಕಟ್ಟಿದ್ದೋ ಎಂದು ತಾಳೆ ನೋಡುವ ದಾರಿಯೂ ಇರಲಿಲ್ಲ. ಟೇಪಿನ ಕಥೆ ಮಾತ್ರ ಇವತ್ತಿಗೂ ಓಡುತ್ತಿದೆ.

ಹಾಗಾದರೆ ತಲೆಯಲ್ಲಿ ಉಳಿಯುವುದು ಏನು? ಮುಖ್ಯವಾಗಿ ಏರಿಳಿತ. ದೂರದಲ್ಲಿ ಬರುತ್ತಿರುವವರ ಮುಖ ಕಾಣದಿದ್ದರೂ ನಡಿಗೆ ನೋಡಿಯೇ ಇಂಥವರು ಅಂತ ಹೇಳಿಬಿಡುತ್ತೇವೆ ಅಲ್ವಾ, ಹಾಗೆ. ಮನಶ್ಶಾಸ್ತ್ರಜ್ಞ ಡಬ್ಲ್ಯು. ಜೇ ಡೌಲಿಂಗ್ 1970ರ ದಶಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಹೊಸ ಧಾಟಿಯೊಂದನ್ನು ಕೇಳಿಸಿ, ಆಮೇಲೆ ಸ್ವರಗಳ ಅಂತರ ಬದಲಾಯಿಸಿ ಏರಿಳಿತ ಮಾತ್ರ ಹಾಗೇ ಉಳಿಸಿದ ಇನ್ನೊಂದನ್ನು ಕೇಳಿಸಿದರೆ, ಎರಡೂ ಒಂದೇ ಅಂತ ಜನ ಸುಲಭವಾಗಿ ಮೋಸಹೋಗುತ್ತಿದ್ದರು. ಮೊದಲ ಸಲ ಕೇಳಿದ ಹಾಡು ಎಲ್ಲೋ ಕೇಳಿದಂತಿದೆ ಅನ್ನಿಸುವುದಕ್ಕೂ ಇದು ಒಂದು ಕಾರಣ. ಜನ್ಮಾಂತರದ ನಂಟು ಎಂದು ಕಣ್ಣು ತೇವ ಮಾಡಿಕೊಳ್ಳುವವರಿದ್ದಾರೆ. ಅಷ್ಟು ದೂರ ಹೋಗಬೇಕಿಲ್ಲ, ಅದೇ ಏರಿಳಿತದ ಇನ್ನೊಂದು ಹಾಡನ್ನು ಈ ಜನ್ಮದಲ್ಲೇ ಕೇಳಿರುತ್ತಾರೆ.

ಕಂಪ್ಯೂಟರ್‌ನಲ್ಲಿ ಹಾಡು ಹುಡುಕುವ ಕಾಲ ಬರುವ ಮೊದಲೇ ಇದನ್ನು ಬಳಸಿಕೊಂಡವರು ಡೆನಿಸ್ ಪಾರ್ಸನ್ಸ್. 1975ರಲ್ಲಿ ಅವರು ಧಾಟಿಗಳಿಗೆ ಒಂದು ನಿಘಂಟು ಮಾಡಿದರು. ಸಂಗೀತದ ಲಿಪಿ ಬಾರದವರೂ ಅದನ್ನು ಬಳಸಬಹುದಿತ್ತು, ನನಗೆ ತುಂಬಾ ಇಷ್ಟವಾಗುವುದು ಇದೇ. ಒಂದು ಸ್ವರದಿಂದ ಮುಂದಿನದಕ್ಕೆ ಹೋಗುವಾಗ ಅದು ಏರಿತೋ, ಇಳಿಯಿತೋ, ಅಲ್ಲೇ ನಿಂತಿತೋ ಅಷ್ಟನ್ನೇ ಗುರುತು ಹಾಕಿಕೊಳ್ಳಿ. ಎಷ್ಟು ಏರಿತು ಅಂತ ಯಾರೂ ಕೇಳುವುದಿಲ್ಲ.

ಮಾಡಿಯೇ ನೋಡೋಣ. ಸ ರಿ ಗ ಗ ರಿ ಸ. ಇದರ ಗುರುತು: ಏರು, ಏರು, ಸಮ, ಇಳಿ, ಇಳಿ. ಈಗ ನೆನಪು ಕೈಕೊಟ್ಟು ನೀವು ಸ ಗ ಪ ಪ ಗ ಸ ಎಂದು ಗುನುಗಿದಿರಿ ಅನ್ನಿ. ನಡುವಿನ ನಾಲ್ಕೂ ಸ್ವರ ತಪ್ಪು. ಗುರುತು ಮಾತ್ರ ಮತ್ತದೇ: ಏರು, ಏರು, ಸಮ, ಇಳಿ, ಇಳಿ. ಶ್ರುತಿ ಬದಲಾದರೂ ಅಷ್ಟೇ, ಗಂಟಲು ಕೆಟ್ಟಿದ್ದರೂ ಅಷ್ಟೇ. ಇಷ್ಟು ಒರಟು ಗುರುತಿನಿಂದ ಹಾಡು ಸಿಗುತ್ತದಾ? ಲೆಕ್ಕ ಹಾಕಿ. ಒಂದೊಂದು ಹೆಜ್ಜೆಗೆ ಮೂರು ಸಾಧ್ಯತೆ. ಹತ್ತು ಹೆಜ್ಜೆಗೆ 59,049. ಹದಿನೈದು ಹೆಜ್ಜೆಗೆ 1,43,48,907! ಹಾಡುಗಳು ಇಷ್ಟರಲ್ಲೂ ಸಮನಾಗಿ ಹಂಚಿಹೋಗಿರುವುದಿಲ್ಲ ನಿಜ, ಒಂದೇ ಗುರುತಿಗೆ ಹಲವು ಹಾಡು ಬಂದು ಕೂರುತ್ತವೆ. ಆದರೂ ರಾಶಿಯಲ್ಲಿ ಹುಡುಕುವುದಕ್ಕಿಂತ ನಾಲ್ಕಾರು ಹಾಡು ಕೇಳಿ ನೋಡುವುದು ಸುಲಭ ತಾನೇ? 1995ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಗುನುಗಿದರೆ ಹಾಡು ಹುಡುಕುವ ಕಂಪ್ಯೂಟರ್ ವ್ಯವಸ್ಥೆ ಮಾಡಿದಾಗ ಹಿಡಿದದ್ದೂ ಇದೇ ಜಾಡನ್ನು.

ಇಲ್ಲಿ ಬಹಳ ಜನ ಎಡವುತ್ತಾರೆ. ಕೇಳಿಸಿದ ಹಾಡು ಯಾವುದೆಂದು ಹೇಳುವ ಶಜಾಮ್ ಆ್ಯಪ್ ಮುಂದೆ ಗುನುಗಿ, ಸಿಗಲಿಲ್ಲ ಅಂತ ಬೈಯುತ್ತಾರೆ. ಅದು ಮಾಡುವ ಕೆಲಸವೇ ಬೇರೆ. 2002ರಲ್ಲಿ ಬ್ರಿಟನ್‌ನಲ್ಲಿ ಶುರುವಾದಾಗ ಅದು ಆ್ಯಪ್ ಕೂಡ ಆಗಿರಲಿಲ್ಲ. 2580ಕ್ಕೆ ಫೋನ್ ಮಾಡಿ, ಹಾಡಿನ ಕಡೆ ಹಿಡಿದರೆ ಎಸ್‌ಎಂಎಸ್‌ನಲ್ಲಿ ಹೆಸರು ಬರುತ್ತಿತ್ತು. ಎವರಿ ವಾಂಗ್ ರೂಪಿಸಿದ ಅದರ ವಿಧಾನ, ಸದ್ದಿನಲ್ಲಿ ಯಾವ ಕ್ಷಣದಲ್ಲಿ ಯಾವ ಕಂಪನ ಎಲ್ಲಕ್ಕಿಂತ ಜೋರಾಗಿದೆ ಎಂದು ಚುಕ್ಕಿ ಇಟ್ಟುಕೊಂಡು, ಎರಡೆರಡು ಚುಕ್ಕಿಗಳ ನಡುವಿನ ಸಮಯವನ್ನು ಅಳೆದು ತಾಳೆ ನೋಡುತ್ತದೆ. ಹಾಗಾಗಿ ಅದು ಹುಡುಕುವುದು ಆ ಒಂದು ರೆಕಾರ್ಡಿಂಗನ್ನು. ಅದೇ ಗಾಯಕಿ ಅದೇ ಹಾಡನ್ನು ಮರುದಿನ ವೇದಿಕೆಯಲ್ಲಿ ಹಾಡಿದರೂ ಚುಕ್ಕಿಗಳು ಕೂಡುವುದಿಲ್ಲ. ಇನ್ನು ನಿಮ್ಮ ಗುನುಗು ಯಾವ ಲೆಕ್ಕ!

ಆದರೆ ಏರಿಳಿತವೇ ಎಲ್ಲ ಎಂದರೆ ಅದೂ ತಪ್ಪು. ಕೇಳಿ ಕೇಳಿ ಹಳೆಯದಾದ ಹಾಡಿನ ಸ್ವರಗಳ ಅಂತರವೂ ನೆನಪಿನಲ್ಲಿ ಗಟ್ಟಿಯಾಗುತ್ತದೆ. 1994ರಲ್ಲಿ ಡೇನಿಯಲ್ ಲೆವಿಟಿನ್ 46 ಮಂದಿಗೆ ಅವರವರ ಮೆಚ್ಚಿನ ಹಾಡನ್ನು ನೆನಪಿನಿಂದಲೇ ಹಾಡಲು ಹೇಳಿದರು. ನೂರಕ್ಕೆ ನಲವತ್ತರಷ್ಟು ಜನ ಕನಿಷ್ಠ ಒಂದು ಪ್ರಯತ್ನದಲ್ಲಾದರೂ ಮೂಲ ರೆಕಾರ್ಡಿಂಗ್‌ನ ಶ್ರುತಿಯಲ್ಲೇ ಹಾಡಿದರು. 1999ರಲ್ಲಿ ಬೇರೆ ಸಂಶೋಧಕರು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತುಣುಕು ಕೇಳಿಸಿ, ಐದು ಜನಪ್ರಿಯ ಹಾಡುಗಳಲ್ಲಿ ಇದು ಯಾವುದು ಎಂದು ಕೇಳಿದರು. ಸುಮ್ನೆ ಊಹಿಸಿದರೆ ಸಿಗುವುದಕ್ಕಿಂತ ಜಾಸ್ತಿ ಉತ್ತರಗಳು ಸರಿಯಾಗಿದ್ದವು. ಅಷ್ಟರಲ್ಲಿ ಧಾಟಿ ಎಲ್ಲಿಂದ ಬರಬೇಕು? ಕಿವಿ ಹಿಡಿದದ್ದು ದನಿಯ, ವಾದ್ಯದ ಬಣ್ಣವನ್ನು. ಈ ಬಣ್ಣ ನಮ್ಮೊಳಗಿದೆ, ಆದರೆ ಗಂಟಲಿನಿಂದ ಅದನ್ನು ಹೊರಗೆ ತರಲು ನಮಗೆ ಆಗುವುದಿಲ್ಲ. ಹಾಗಾಗಿ ಹಾಡನ್ನು ಇನ್ನೊಬ್ಬರಿಗೆ ತೋರಿಸಲು ತಿಣುಕಾಡುವವರೇ, ಅದು ಎದುರಿಗೆ ಬಂದಾಗ ಕಣ್ಣು ಮಿಟುಕಿಸುವುದರಲ್ಲಿ ಗುರುತಿಸಿಬಿಡುತ್ತಾರೆ.

ಗುರುತಿಸಿದ ಆ ಕ್ಷಣದ ಜುಮ್ಮೆನ್ನುವ ಸುಖ ಎಲ್ಲಿಂದ? ಪೆನ್‌ಫೀಲ್ಡ್ ಸ್ಥಾಪಿಸಿದ ಸಂಸ್ಥೆಯಲ್ಲೇ 2011ರಲ್ಲಿ ವ್ಯಾಲರಿ ಸಲಿಂಪೂರ್, ರಾಬರ್ಟ್ ಜಟೋರ್ ತಂಡ, ಮೈ ಜುಮ್ಮೆನ್ನಿಸುವ ಸಂಗೀತ ಕೇಳುವವರ ಮೆದುಳನ್ನು ಸ್ಕ್ಯಾನ್ ಮಾಡಿತು. ಮೆಚ್ಚಿನ ಘಟ್ಟ ಬಂದಾಗ ಒಂದು ಭಾಗದಲ್ಲಿ, ಸುಖದ ಜೊತೆ ನಂಟಿರುವ ಡೋಪಮೈನ್ ಎಂಬ ರಾಸಾಯನಿಕ ಒಸರಿತು. ಅದು ಇನ್ನೇನು ಬರಲಿದೆ ಎನ್ನುವಾಗಲೇ ಇನ್ನೊಂದು ಭಾಗದಲ್ಲಿ ಒಸರಿ ಆಗಿತ್ತು. ಮುಂದೇನು ಎಂದು ಗೊತ್ತಿದ್ದರೇ ಈ ಎರಡನೆಯ ಸುಖ.

ಇನ್ನು, ಹುಡುಕಲು ಹೊರಟವರಿಗೆ ಒಂದು ಮಾತು. 2020ರಿಂದ ಗೂಗಲ್ ಆ್ಯಪ್ ಗುನುಗನ್ನೂ ಕೇಳಿಸಿಕೊಳ್ಳುತ್ತದೆ. ಹಾಗಂತ 'ಮ್ಮ್ಮ್' ಎಂದು ಎಳೆಯಬೇಡಿ, ಒಂದು ಸ್ವರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಹಳೆಯ ವ್ಯವಸ್ಥೆಗಳಲ್ಲಿ ಒಂದೊಂದು ಸ್ವರಕ್ಕೂ 'ತ' ಅನ್ನಲು ಹೇಳುತ್ತಿದ್ದದ್ದು ಇದಕ್ಕೇ. ಒಂದೇ ಸ್ವರದಲ್ಲಿ ನಿಂತಿರುವ ಸಾಲನ್ನು ಬಿಟ್ಟು, ಧಾಟಿ ಚೆನ್ನಾಗಿ ಏರಿಳಿಯುವ ಸಾಲನ್ನೇ ಆರಿಸಿಕೊಳ್ಳಿ. ಪಲ್ಲವಿಯೇ ಆಗಬೇಕು ಅಂತೇನೂ ಇಲ್ಲ.