ಕೈ ನಡುಕಕ್ಕೆ ಕೊಟ್ಟ ಮಾತ್ರೆ ಜೂಜಿನ ಚಟ ಹತ್ತಿಸುತ್ತಾ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಮೂರು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಜೀವನದಲ್ಲಿ ಇಸ್ಪೀಟು ಎಲೆ ಮುಟ್ಟಿದವರಲ್ಲ. ಈಗ ರಾತ್ರಿಯೆಲ್ಲ ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುತ್ತಾರೆ. ಕೇಳಿದರೆ ರೇಗುತ್ತಾರೆ. ಇದು ಅರವತ್ತರ ಅರಳು ಮರಳಾ, ಇಲ್ಲಾ ಮಾತ್ರೆಯಿಂದ ಹೀಗೂ ಆಗುತ್ತಾ?

ಉತ್ತರ: ಆಗುತ್ತದೆ. ಎಲ್ಲರಿಗೂ ಆಗುವುದಿಲ್ಲ, ಹಾಗಂತ ಅಪರೂಪವೂ ಅಲ್ಲ. ಮುಂದೆ ಓದುವ ಮೊದಲು ಒಂದು ಮಾತು: ಇದನ್ನು ಓದಿ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈ ಪ್ರಶ್ನೆ ನಮ್ಮ ಮನೆಗೂ ಬಂದಿತ್ತು. ನನ್ನ ಸೋದರಮಾವ ಐದು ರೂಪಾಯಿ ಕೊತ್ತಂಬರಿ ಸೊಪ್ಪಿನ ಲೆಕ್ಕವನ್ನೂ ಡೈರಿಯಲ್ಲಿ ಬರೆದಿಡುವವರು. ಪಾರ್ಕಿನ್ಸನ್ ಮಾತ್ರೆ ಬದಲಾದ ಆರೇಳು ತಿಂಗಳಲ್ಲಿ ಡೈರಿಯ ಹಾಳೆಗಳು ಖಾಲಿ ಬಿದ್ದವು. ಕೋಣೆಯಲ್ಲಿ ಮೂರು ಹೊಸ ಮಿಕ್ಸಿ, ಮೂರಕ್ಕೂ ಅಂಟಿಸಿದ ಟೇಪ್ ಹಾಗೇ ಇತ್ತು. ನಾವೆಲ್ಲ ಸೇರಿ ಬೈದೆವು. ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ’ ಅಂತ ನಾನೂ ಕೇಳಿದೆ. ಆಮೇಲೆ ಡಾಕ್ಟರೇ, ‘ಇತ್ತೀಚೆಗೆ ಖರ್ಚು ಜಾಸ್ತಿ ಆಗಿದೆಯಾ?’ ಎಂದು ವಿಚಾರಿಸಿದಾಗ ಅತ್ತೆಗೆ ಕಣ್ಣೀರು ತಡೆಯಲಾಗಲಿಲ್ಲ. ಅಂದು ಆಡಿದ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಪಾರ್ಕಿನ್ಸನ್‌ಗೆ ಕೊಡುವ ಔಷಧಿಗಳಲ್ಲಿ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎನ್ನುವ ಒಂದು ಗುಂಪಿದೆ. ಇವು ಮೆದುಳಿನ ಡೋಪಮೈನ್ ಎಂಬ ರಾಸಾಯನಿಕದ ಹಾಗೆ ನಟಿಸಿ ಕೆಲಸ ಮಾಡುತ್ತವೆ. 2005ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ವೈದ್ಯರು, ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ ಜೂಜಿಗೆ ಬಿದ್ದ 11 ರೋಗಿಗಳ ಬಗ್ಗೆ ಬರೆದರು. 2010ರಲ್ಲಿ ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ದೊಡ್ಡ ಅಧ್ಯಯನ ಪ್ರಕಟವಾಯಿತು. ಜೂಜು, ಮಿತಿಮೀರಿದ ಖರೀದಿ, ಹೊಟ್ಟೆ ಬಿರಿಯುವಷ್ಟು ತಿನ್ನುವುದು, ಹಿಡಿತ ತಪ್ಪಿದ ಲೈಂಗಿಕ ಆಸೆ, ಇವುಗಳಲ್ಲಿ ಒಂದಾದರೂ 13.6% ಜನರಲ್ಲಿ ಕಂಡಿತು. ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ 17.1%, ತೆಗೆದುಕೊಳ್ಳದವರಲ್ಲಿ 6.9%.

ಕೈ ನಡುಕದ ಮಾತ್ರೆಗೂ ಜೂಜಿಗೂ ಎಲ್ಲಿಯ ನಂಟು? ನಮ್ಮ ಕಡೆಯ ಕೆರೆ, ಗದ್ದೆ ನೆನಪು ಮಾಡಿಕೊಳ್ಳಿ. ಮೆದುಳಿನ ಆಳದಲ್ಲಿ ಡೋಪಮೈನ್ ಹರಿದು ಬರುವ ಒಂದು ಜಾಗವಿದೆ. ಅದರ ಮೇಲ್ಭಾಗ ಕೈಕಾಲಿನ ಚಲನೆ ನೋಡಿಕೊಳ್ಳುತ್ತದೆ. ಕೆಳಭಾಗ ‘ಬೇಕು’ ಅನ್ನುವ ಆಸೆಯನ್ನು ನೋಡಿಕೊಳ್ಳುತ್ತದೆ. ಪಾರ್ಕಿನ್ಸನ್‌ನಲ್ಲಿ ಮೊದಲು ಬತ್ತುವುದು ಮೇಲಿನ ಗದ್ದೆ. ಕೆಳಗಿನದರಲ್ಲಿ ಇನ್ನೂ ಸಾಕಷ್ಟು ನೀರಿರುತ್ತದೆ. ಮೇಲಿನದು ಒಣಗಿತು ಅಂತ ತೂಬು ಎತ್ತಿದರೆ ಕೆಳಗಿನ ಗದ್ದೆಗೂ ನೀರು ನುಗ್ಗುತ್ತದೆ, ಅಲ್ವಾ? ಇಲ್ಲಿ ಆಗುವುದೂ ಹೆಚ್ಚುಕಡಿಮೆ ಅದೇ. ಜೊತೆಗೆ ಈ ಮಾತ್ರೆಗಳು ಹೆಚ್ಚು ಬಲವಾಗಿ ಅಂಟಿಕೊಳ್ಳುವ ಡಿ3 ಎಂಬ ಗ್ರಾಹಕಗಳು (ನರಕೋಶದ ಮೇಲೆ ಡೋಪಮೈನ್ ಬಂದು ಕೂರುವ ಜಾಗಗಳು) ದಟ್ಟವಾಗಿರುವುದೂ ಕೆಳಭಾಗದಲ್ಲೇ.

ನನಗೆ ತುಂಬ ಹಿಡಿಸಿದ ಪ್ರಯೋಗ 2004ರದ್ದು. ಮೆದುಳಿನ ಸಂಶೋಧಕ ಮೈಕೆಲ್ ಫ್ರಾಂಕ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಮಾಡಿದ್ದು. ಪಾರ್ಕಿನ್ಸನ್ ಇರುವವರ ಮುಂದೆ ಪರದೆಯ ಮೇಲೆ ಎರಡು ಜಪಾನಿ ಅಕ್ಷರ ಬರುತ್ತವೆ. ಓದಲು ಬರುವುದಿಲ್ಲ, ಸುಮ್ನೆ ಒಂದನ್ನು ಆರಿಸಬೇಕು. ‘ಸರಿ’ ಅಥವಾ ‘ತಪ್ಪು’ ಎಂಬ ಉತ್ತರ ಬರುತ್ತದೆ. ಒಂದು ಅಕ್ಷರ ನೂರಕ್ಕೆ 80 ಸಲ ಸರಿ, ಅದರ ಜೋಡಿ 20 ಸಲ ಮಾತ್ರ. ಆಡುತ್ತಾ ಆಡುತ್ತಾ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಅಂದಾಜು ಸಿಗುತ್ತದೆ. ಮಾತ್ರೆ ತೆಗೆದುಕೊಳ್ಳದೆ ಬಂದವರು ಕೆಟ್ಟ ಅಕ್ಷರದಿಂದ ದೂರ ಇರುವುದನ್ನು ಚೆನ್ನಾಗಿ ಕಲಿತರು. ಮಾತ್ರೆ ತೆಗೆದುಕೊಂಡು ಬಂದವರು ಒಳ್ಳೆಯ ಅಕ್ಷರವನ್ನು ಚೆನ್ನಾಗಿ ಹಿಡಿದರು, ಆದರೆ ‘ತಪ್ಪು’ ಅವರಿಗೆ ಅಷ್ಟಾಗಿ ಪಾಠ ಕಲಿಸಲಿಲ್ಲ.

ಕಾರಣ ಹೀಗಿರಬಹುದು ಅಂತಾರೆ. ಸಿಗಬೇಕಾದದ್ದು ಸಿಗದೇ ಹೋದಾಗ ಮೆದುಳಿನಲ್ಲಿ ಡೋಪಮೈನ್ ಒಂದು ಕ್ಷಣ ಕುಸಿಯುತ್ತದೆ. ವೋಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳಲ್ಲಿ ಇದನ್ನು ತೋರಿಸಿದ್ದರು: ಬರಬೇಕಿದ್ದ ಹಣ್ಣಿನ ರಸ ಬರದಿದ್ದಾಗ ಡೋಪಮೈನ್ ನರಕೋಶಗಳು ಸದ್ದಡಗುತ್ತವೆ. ಆ ಕುಸಿತವೇ ‘ಸಾಕು, ಇಲ್ಲಿಂದ ಏಳು’ ಎಂಬ ಪಾಠ. ಮಾತ್ರೆ ಆ ಗುಂಡಿಯನ್ನು ತುಂಬಿಬಿಡುತ್ತದೆ. ಗೆದ್ದದ್ದು ನಾಟುತ್ತದೆ, ಸೋತದ್ದು ನಾಟುವುದಿಲ್ಲ. ನಿಮ್ಮ ತಂದೆ ರಾತ್ರಿ ಎರಡು ಗಂಟೆಗೆ ಇನ್ನೊಂದು ಆಟ ಆಡಲು ಕೂತಿದ್ದರೆ, ಹಿಂದಿನ ಹತ್ತು ಸೋಲು ಅವರನ್ನು ನಮ್ಮಷ್ಟು ತಡೆಯುತ್ತಿಲ್ಲದೆ ಇರಬಹುದು.

ಇನ್ನೊಂದು ವಿಷಯ. ನಾವು ‘ಮನಸ್ಸಿನ ಮೇಲೆ ಹಿಡಿತ’ ಅನ್ನುವುದನ್ನು ಒಂದೇ ಲಗಾಮು ಅಂದುಕೊಂಡಿದ್ದೇವೆ. ಅದು ಒಂದಲ್ಲ. ಪಾರ್ಕಿನ್ಸನ್‌ಗೆ ಮೆದುಳಿನೊಳಗೆ ತಂತಿ ಇಟ್ಟು ಸಣ್ಣ ಕರೆಂಟ್ ಕೊಡುವ ಚಿಕಿತ್ಸೆಯೂ ಇದೆ. ತಂತಿ ಹೆಚ್ಚಾಗಿ ಕೂರುವುದು ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಜಾಗದಲ್ಲಿ, ಅವಸರದ ಕೈಯನ್ನು ತಡೆದು ‘ತಾಳು’ ಅನ್ನುವ ಜಾಗ ಅದು. 2007ರಲ್ಲಿ ಫ್ರಾಂಕ್ ಅವರ ತಂಡ ತಂತಿ ಇಟ್ಟವರನ್ನೂ ಮಾತ್ರೆ ತೆಗೆದುಕೊಳ್ಳುವವರನ್ನೂ ಹೋಲಿಸಿತು. ಕರೆಂಟ್ ಹಾಕಿದಾಗ, ಎರಡೂ ಒಳ್ಳೆಯವೇ ಎನ್ನುವಂಥ ಕಷ್ಟದ ಆಯ್ಕೆಯಲ್ಲೂ ರೋಗಿಗಳು ತಡವರಿಸದೆ ಅವಸರಪಟ್ಟರು. ಮಾತ್ರೆಯವರು ಅಲ್ಲಿ ಅವಸರಪಡಲಿಲ್ಲ, ಆದರೆ ಸೋಲಿನಿಂದ ಕಲಿಯುವುದರಲ್ಲಿ ಹಿಂದೆ ಬಿದ್ದರು. ಹೊರಗಿನಿಂದ ಎರಡೂ ‘ತಡೆದುಕೊಳ್ಳೋಕೆ ಬರಲ್ಲ’ ಅಂತಲೇ ಕಾಣುತ್ತವೆ. ಒಳಗೆ ಕೆಟ್ಟಿರುವ ಜಾಗ ಬೇರೆ ಬೇರೆ.

‘ಎಂಆರ್‌ಐ ಮಾಡಿಸಿದರೆ ಗೊತ್ತಾಗುತ್ತಾ?’ ಅಂತ ಕೇಳುವವರಿದ್ದಾರೆ. ಇಲ್ಲ. ಇಂಥ ಅಧ್ಯಯನಗಳು ಹೇಳುವುದು ಗುಂಪಿನ ಸರಾಸರಿ. ಒಬ್ಬ ಮನುಷ್ಯನ ಚಿತ್ರ ನೋಡಿ ಈ ಚಟವನ್ನು ಗುರುತಿಸಲು ಆಗುವುದಿಲ್ಲ. ಕೇಳಿಯೇ ತಿಳಿಯಬೇಕು. ಎಲ್ಲವೂ ಮಾತ್ರೆಯ ತಪ್ಪೂ ಅಲ್ಲ. ಕಡಿಮೆ ವಯಸ್ಸಿಗೇ ಕಾಯಿಲೆ ಬಂದವರು, ಸಿಗರೇಟು ಸೇದುವವರು, ಮನೆತನದಲ್ಲಿ ಜೂಜಿನ ಚಟ ಇರುವವರಿಗೆ ಅಪಾಯ ಜಾಸ್ತಿ.

ಈಗ ಮಾತ್ರೆ ನಿಲ್ಲಿಸುವ ವಿಷಯ. ಒಮ್ಮೆಲೇ ಬಿಟ್ಟರೆ ಮೈ ಸೆಟೆದುಕೊಳ್ಳಬಹುದು, ವಿಪರೀತ ಗಾಬರಿ, ಖಿನ್ನತೆ ಬರಬಹುದು. ನರರೋಗ ತಜ್ಞರು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ, ಅಥವಾ ಬೇರೆ ಔಷಧಿಗೆ ಬದಲಿಸುತ್ತಾರೆ. ಇಳಿಸಿದ ಮೇಲೆ ಬಹಳ ಜನರಲ್ಲಿ ಹುಚ್ಚು ತಗ್ಗುತ್ತದೆ. ನಸುಗುನ್ನಿ ಪುಡಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ, ಅದರಲ್ಲಿ ಲೆವೊಡೋಪಾ ಇದೆ, ಪಾರ್ಕಿನ್ಸನ್‌ಗೆ ಮಾತ್ರೆಯಾಗಿ ಕೊಡುವ, ಮೆದುಳಿನಲ್ಲಿ ಡೋಪಮೈನ್ ಆಗುವ ಔಷಧಿಯೇ ಅದು.

ಅಲ್ಲಿಯವರೆಗೆ ದೊಡ್ಡ ಮೊತ್ತ ಇರುವ ಖಾತೆಯನ್ನು ಮೊಬೈಲಿನಿಂದ ಬಿಡಿಸಿ, ತಂದೆಯವರಿಗೆ ಹೇಳಿಯೇ. ರೇಗುವವರ ಜೊತೆ ‘ಯಾಕೆ ಹೀಗೆ ಮಾಡಿದಿರಿ ಅಪ್ಪಾ’ ಎಂಬ ಮಾತು ಬೇಡ, ‘ಈ ಮಾತ್ರೆಗೆ ಹೀಗಾಗುತ್ತಂತೆ, ಡಾಕ್ಟರನ್ನು ಕೇಳೋಣ’ ಎನ್ನಿ. ನಾಚಿಕೆಯಿಂದ ಅವರೇ ಬಾಯಿ ಬಿಡುವುದು ಕಷ್ಟ. ಒಂದು ಚೀಟಿಯಲ್ಲಿ ಎರಡು ತಾರೀಖು ಬರೆದುಕೊಳ್ಳಿ: ಮಾತ್ರೆ ಶುರುವಾದದ್ದು ಅಥವಾ ಡೋಸ್ ಏರಿದ್ದು ಯಾವಾಗ, ಆಟ ಶುರುವಾದದ್ದು ಯಾವಾಗ. ಮಾತ್ರೆಯ ಸ್ಟ್ರಿಪ್ ಜೊತೆಗೆ ಆ ಚೀಟಿಯನ್ನು ಡಾಕ್ಟರ್ ಕೈಗೆ ಕೊಡಿ.